ನಾಲ್ಕೂ ನಾಲ್ಕೂ ಸೇರಿ ನಾಲ್ಕು

ನಿನ್ನೆ ಆಫೀಸಿನಲ್ಲಿ ನನ್ನ ಮಾನ ಹೋಯಿತು. ಅದೂ ನಾನೇ ಆರಿಸಿ ತಂದ ಸರ್ವರಿನಿಂದ, ಹಾಗಾಗಿ ಯಾರನ್ನೂ ಬೈಯುವ ಹಾಗಿಲ್ಲ.

ನಮ್ಮದು ಮೈಸೂರಿನ ಪುಟ್ಟ ಆಡಿಟರ್ ಆಫೀಸು. ಆರು ಕಂಪ್ಯೂಟರು, ಒಬ್ಬರು ರಾಯರು. ಎಲ್ಲರ ಫೈಲುಗಳೂ ರಾಯರ ಕಂಪ್ಯೂಟರಿನಲ್ಲೇ ಶೇರ್ ಆಗಿದ್ದವು. ಅವರೋ, ಊಟಕ್ಕೆ ಏಳುವಾಗ ಫ್ಯಾನು, ಲೈಟು, ಕಂಪ್ಯೂಟರು ಮೂರನ್ನೂ ಆರಿಸಿಯೇ ಏಳುವವರು. 20ನೇ ತಾರೀಖು ಜಿಎಸ್‌ಟಿ ರಿಟರ್ನ್ ಗಡಿಬಿಡಿಯಲ್ಲೂ ಒಂದರಿಂದ ಎರಡರವರೆಗೆ ಐದು ಜನ ಸುಮ್ನೆ ಕೂತಿರುತ್ತಿದ್ದೆವು.

ಕೊನೆಗೆ ಸರ್ ಒಪ್ಪಿದರು. ದೊಡ್ಡ ಸರ್ವರ್ ಬೇಡ, ಎರಡು ಡಿಸ್ಕ್ ಹಿಡಿಸುವ ನ್ಯಾಸ್ ಡಬ್ಬ, ಅಂದರೆ ಎಲ್ಲರ ಫೈಲುಗಳನ್ನೂ ನೆಟ್‌ವರ್ಕಿನಲ್ಲಿ ಹಂಚುವ ಪುಟ್ಟ ಸರ್ವರ್, ಸಾಕು ಅಂದೆ. 4 ಟಿಬಿಯ ಎರಡು ಡಿಸ್ಕು ಬಂದವು. ಜೋಡಿಸಿ ನೋಡಿದರೆ ಜಾಗ 4 ಟಿಬಿಯೂ ಇಲ್ಲ.

"ಎಂಟಾಗಬೇಕಲ್ವೇನಯ್ಯಾ?" ಅಂದರು ಸರ್.

ಆಡಿಟರ ಮುಂದೆ ನಾಲ್ಕೂ ನಾಲ್ಕೂ ಸೇರಿ ನಾಲ್ಕು ಅಂತ ಸಾಧಿಸಿ ನೋಡಿ, ಗೊತ್ತಾಗುತ್ತದೆ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇರುತ್ತದೆ, ಒಂದು ಕೆಟ್ಟರೂ ನಡೆಯುತ್ತದೆ, ಎಂದೆಲ್ಲ ವಿವರಿಸಿ, ಉತ್ಸಾಹದಲ್ಲಿ ಸ್ವಲ್ಪ ಜೋರಾಗಿಯೇ, "ಇಲ್ಲಿ ರೇಡ್ ಆಗಿದೆ ಸರ್!" ಅಂದುಬಿಟ್ಟೆ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಕ್ಲೈಂಟೊಬ್ಬರು ಚೀಲ ಎತ್ತಿಕೊಂಡು ಮೆಟ್ಟಿಲಿಳಿದೇ ಬಿಟ್ಟರು. ಚಪ್ಪಲಿ ಇಲ್ಲೇ. ಸರ್ ಮೂರು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ನಾಲ್ಕನೇ ಸಲ ಅವರ ಹೆಂಡತಿ ಎತ್ತಿ, "ಅವರು ಊರಲ್ಲಿಲ್ಲ" ಅಂದರಂತೆ. ಡಿಸ್ಕಿನ ಜೋಡಿಗೆ ರೇಡ್ ಅಂತಲೇ ಹೆಸರಿಡಬೇಕಿತ್ತಾ?

ಇಷ್ಟಾದ ಮೇಲೆ ನಿನ್ನೆ ನಾನು, ನಾನೇ, ಖಾಲಿ ಫೋಲ್ಡರ್ ಅಂದುಕೊಂಡು ಒಬ್ಬ ಕ್ಲೈಂಟಿನ ಇಡೀ ವರ್ಷದ ಲೆಕ್ಕ ಅಳಿಸಿದೆ. ಎರಡೂ ಡಿಸ್ಕಿನಿಂದ ಒಂದೇ ಕ್ಷಣಕ್ಕೆ ಹೋಯಿತು, ಅದೇ ತಾನೇ ಅದರ ಹೆಚ್ಚುಗಾರಿಕೆ! ನೆಟ್‌ವರ್ಕಿನಲ್ಲಿ ಅಳಿಸಿದ್ದು ನಮ್ಮ ಕಂಪ್ಯೂಟರಿನ ರೀಸೈಕಲ್ ಬಿನ್‌ಗೂ ಬರುವುದಿಲ್ಲ. ಡಬ್ಬಕ್ಕೆ ತನ್ನದೇ ಬಿನ್ ಇದೆಯಂತೆ, ನಾನು ಆನ್ ಮಾಡಿರಲಿಲ್ಲ. ಹಿಂದೆ ಕೆಂಪು ಬಟ್ಟೆ ಸುತ್ತಿದ ಲೆಕ್ಕದ ಪುಸ್ತಕಗಳು ಅಟ್ಟದ ಮೇಲಿದ್ದವು. ಕಳೆದರೂ ಆ ಅಟ್ಟದಲ್ಲೇ ಕಳೆಯುತ್ತಿದ್ದವು, ನಾಲ್ಕು ಸೀನು ಸೀನಿದರೆ ಸಿಗುತ್ತಿದ್ದವು.

ರಾಯರು ಎದ್ದು ಬಂದರು. ಅಂಗಿ ಜೇಬಿನಿಂದ ಪೆನ್‌ಡ್ರೈವ್ ತೆಗೆದು ನನ್ನ ಮೇಜಿನ ಮೇಲಿಟ್ಟರು. ಸರ್ವರ್ ಬಂದ ಮೇಲೂ ದಿನಾ ಸಂಜೆ ಕಾಪಿ ಮಾಡಿ ಮನೆಗೆ ಒಯ್ಯುತ್ತಿದ್ದರಂತೆ. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಅದರಲ್ಲಿ 'ಫೈನಲ್', 'ಹೊಸ ಫೈನಲ್', 'ಇದೇ ಫೈನಲ್', 'ಇದೇ ಫೈನಲ್ ರಾಯರು' ಹೀಗೆ ಹನ್ನೊಂದು ಫೈಲುಗಳಿವೆ. ಬೆಳಗ್ಗೆಯಿಂದ ಒಂದೊಂದೇ ತೆರೆದು ನೋಡುತ್ತಿದ್ದೇನೆ. ಯಾವುದು ಅಂತ ರಾಯರನ್ನೇ ಕೇಳೋಣವೆಂದರೆ, ಊಟಕ್ಕೆ ಹೋಗಿದ್ದಾರೆ.