ಹಳೇ ಫೋನು ಡೇಂಜರ್, ಒಟಿಪಿ ಜೋರಾಗಿ ಹೇಳಿ

ಹೊಸ ಫೋನು ಅಡಿಕೆಗೆ ಹೊಡೆಯುವ ಬೋರ್ಡೊ ಔಷಧಿಯ ಡ್ರಮ್ಮಿಗೆ ಬಿದ್ದ ದಿನ ನಾನು ಅಳಲಿಲ್ಲ. ಅಳುವುದಕ್ಕೆ ಪುರಸೊತ್ತೇ ಇರಲಿಲ್ಲ. ಮಳೆ ಎರಡು ದಿನ ಬಿಡುವು ಕೊಟ್ಟಿತ್ತು, ಮರ ಹತ್ತುವ ಕೊನೆಗೌಡ ಸಿಕ್ಕಿದ್ದೇ ದೊಡ್ಡ ಪುಣ್ಯ, ಅವನು ಮರದ ತುದಿಯಿಂದ ‘ಔಷಧಿ ಬಿಡಿ, ಬೇಗ ಬಿಡಿ’ ಎಂದು ಕೂಗುತ್ತಿದ್ದ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಅದಕ್ಕೆ 18 ಸಾವಿರದ ಫೋನೂ ಸೇರಿದರೆ ಕೊಳೆರೋಗ ಇನ್ನೂ ಚೆನ್ನಾಗಿ ಹೋದೀತು ಎಂದುಕೊಂಡು ಕೋಲಿನಲ್ಲಿ ಸುಮ್ನೆ ತಿರುಗಿಸಿದೆ. ಸಂಜೆ ಎತ್ತಿ ನೋಡಿದರೆ ಸ್ಪೀಕರಿನ ತೂತಿನಿಂದ ನೀಲಿ ನೀರು ಸೋರುತ್ತಿತ್ತು. ಅಕ್ಕಿ ಡಬ್ಬಿಯಲ್ಲಿ ಹುಗಿದಿಡೋಣ ಅಂದರೆ ಮನೆಯವಳು ಬಿಡಲಿಲ್ಲ. ಮೈಲುತುತ್ತದ ಅಕ್ಕಿ ಯಾರು ಉಣ್ಣುತ್ತಾರೆ?

ಮರುವಾರ ಶಿರಸಿಗೆ ಹೋದೆ. ಇನ್ನೊಂದು ಹೊಸದು ಕೊಳ್ಳುವಷ್ಟು ದುಡ್ಡು ಇನ್ನೂ ಮರದ ಮೇಲೇ ಇತ್ತು, ಹಸಿರು ಕಾಯಿಯಾಗಿ. ಬಿಡ್ಕಿಬೈಲಿನ ಕಡೆ ಒಂದು ಅಂಗಡಿಯಲ್ಲಿ ಸೆಕೆಂಡ್ಸ್ ಫೋನುಗಳನ್ನು ಬೇಕರಿ ಬಿಸ್ಕಿಟ್ ಥರ ಗಾಜಿನ ಕಪಾಟಿನಲ್ಲಿ ಜೋಡಿಸಿದ್ದರು. ಹುಡುಗ ಒಂದನ್ನು ತೆಗೆದು, ಅಂಗಿಗೆ ಒರೆಸಿ, ‘ಸಿಂಗಲ್ ಓನರ್ ಸಾರ್, ಡಾಕ್ಟ್ರು ಓಡಿಸಿದ್ದು’ ಎಂದ. ಫೋನನ್ನೂ ಓಡಿಸುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ತಿರುಗಿಸಿ ನೋಡಿದರೆ ಬೆನ್ನ ಮೇಲೆ ಹೆಬ್ಬೆರಳಗಲದ ಕಂದು ಕಲೆ. ಹಸಿ ಅಡಿಕೆ ಸುಲಿದ ಕೈಯ ಚೊಗರು ಅದು, ಉಗುರಲ್ಲಿ ಕೆರೆದರೂ ಹೋಗುವುದಿಲ್ಲ, ನಮ್ಮ ಮನೆಯ ಲೈಟಿನ ಸ್ವಿಚ್ಚಿನ ಮೇಲೂ ಅದೇ ಕಲೆ ಇದೆ. ‘ಅಡಿಕೆ ಸುಲಿಯುವ ಡಾಕ್ಟ್ರು ಯಾರಾ ಮಾರಾಯ?’ ಅಂದೆ. ಹುಡುಗ ನಕ್ಕು 200 ರೂಪಾಯಿ ಇಳಿಸಿದ. 2,800ಕ್ಕೆ ವ್ಯಾಪಾರ ಕುದುರಿತು. ವಾರಂಟಿ ಎಷ್ಟು ದಿನ ಎಂದು ಕೇಳಿದ್ದಕ್ಕೆ ‘ಚೆಕಿಂಗ್ ವಾರಂಟಿ ಸಾರ್’ ಎಂದ. ಅಂದರೆ ಅಂಗಡಿಯ ಮೆಟ್ಟಿಲು ಇಳಿಯುವ ತನಕ.

ಮೆಟ್ಟಿಲು ಇಳಿಯುವ ಮೊದಲು ಒಂದು ಕೆಲಸ ಮಾಡಿದೆ. ಇದನ್ನು ಸೆಕೆಂಡ್ಸ್ ಕೊಳ್ಳುವ ಯಾರಾದರೂ ಮಾಡಿ, ತಮಾಷೆಯಲ್ಲ. *#06# ಒತ್ತಿದರೆ 15 ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್ ಬರುತ್ತದೆ. ಕೆವೈಎಂ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು, ಆ ನಂಬರ್ ಹಾಕಿ 14422ಗೆ ಮೆಸೇಜು ಕಳಿಸಿದರೆ ಫೋನಿನ ಜಾತಕ ಬರುತ್ತದೆ. ಕದ್ದ ಮಾಲು ಎಂದು ಬ್ಲಾಕ್ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ನನ್ನದರ ಜಾತಕ ಸರಿಯಾಗಿತ್ತು. 2017ರ ಮಾಡೆಲ್ಲು, 3 ಜಿಬಿ ರ್‍ಯಾಮ್, 32 ಜಿಬಿ ಸ್ಟೋರೇಜ್, ಆಂಡ್ರಾಯ್ಡ್ 7.

ರಿಸೆಟ್ ಮಾಡಿದ್ದೇನೆ ಎಂದು ಹುಡುಗ ಹೇಳಿದ್ದ. ಮರುದಿನ ಬೆಳಗಿನ ಜಾವ 4.40ಕ್ಕೆ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ಒಂದೇ ಒಂದು ಶಬ್ದ, ‘ಹಾಲು’. ಡಾಕ್ಟ್ರಿಗೆ ಎಮ್ಮೆಯೂ ಇತ್ತು. ನಾನೇ ಕೂತು ಪೂರ್ತಿ ರಿಸೆಟ್ ಮಾಡಿದೆ, ಆಮೇಲೆ ಎರಡು ದಿನ ಏಳುವಾಗ ತಡವಾಗಿ ಕೊಟ್ಟಿಗೆಯಿಂದ ಬೈಗುಳದ ಥರ ಕೂಗು ಬಂತು. ಈಗ ಅದೇ 4.40ಕ್ಕೆ ಅದೇ ಹೆಸರಿನ ಅಲಾರಂ ಇಟ್ಟುಕೊಂಡಿದ್ದೇನೆ.

ಫೋನು ಚೆನ್ನಾಗಿದೆ. ಸುಳ್ಳು ಯಾಕೆ ಹೇಳಲಿ. ಮಾತು ಕೇಳಿಸುತ್ತದೆ, ವಾಟ್ಸಾಪ್ ಬರುತ್ತದೆ, ಅಡಿಕೆಯ ರಾಶಿ, ಚಾಲಿ ಧಾರಣೆ ನೋಡಬಹುದು, ಟಾರ್ಚು ಹೊಸ ಫೋನಿಗಿಂತ ಜಾಸ್ತಿ ಬೆಳಕು ಕೊಡುತ್ತದೆ. ಬ್ಯಾಟರಿ ಒಂದೂವರೆ ದಿನ. ಹಳೇ ಪಿನ್ನಿನ ಚಾರ್ಜರು ನಮ್ಮೂರಲ್ಲಿ ಯಾರ ಮನೆಗೆ ಹೋದರೂ ಒಂದಾದರೂ ಮೊಳೆಗೆ ನೇತಾಡುತ್ತಿರುತ್ತದೆ. ಸ್ವಲ್ಪ ನಿಧಾನ ಅನ್ನುವುದು ನಿಜ. ಏನಾದರೂ ಒತ್ತಿದರೆ ಹಿರಿಯರ ಥರ ಒಂದು ಕ್ಷಣ ಯೋಚಿಸಿ ಆಮೇಲೆ ಉತ್ತರ ಕೊಡುತ್ತದೆ. ನಮಗೂ ಎಂತ ಅರ್ಜೆಂಟು?

ಅರ್ಜೆಂಟು ಇದ್ದಿದ್ದು ಬ್ಯಾಂಕಿಗೆ. ನನ್ನ ಬ್ಯಾಂಕಿನ ಆ್ಯಪ್ ಹಾಕಲು ಹೋದರೆ ‘ನಿಮ್ಮ ಸಾಧನವು ಈ ಆವೃತ್ತಿಗೆ ಹೊಂದಿಕೆಯಾಗುವುದಿಲ್ಲ’ ಎಂದು ಬಂತು. ಮೊದಲು ನನಗೆ ಅರ್ಥವಾಗಲಿಲ್ಲ. ನನ್ನ ಸಾಧನೆ ಏನೂ ಇಲ್ಲ ಎಂದು ಇವರಿಗೆ ಹೇಗೆ ಗೊತ್ತಾಯಿತು ಅಂತ ಬೇಜಾರಾಯಿತು. ಎರಡನೇ ಸಲ ಓದಿದ ಮೇಲೆ ತಿಳಿಯಿತು, ಬೈದಿದ್ದು ನನಗಲ್ಲ, ಫೋನಿಗೆ. ಮೂರು ದಿನ ಬಿಟ್ಟು ಒಂದು ಇಲಾಖೆಯ ಆ್ಯಪ್ ಬೇಕಾಯಿತು, ಅದೂ ಇದೇ ಮಂತ್ರ ಹೇಳಿತು. ಯಾವ ಇಲಾಖೆ ಎಂದು ಹೇಳುವುದಿಲ್ಲ. ಹೇಳಿದರೆ ಉಳಿದವರು ತಮ್ಮನ್ನು ಬಿಟ್ಟರಲ್ಲ ಎಂದು ಬೇಸರ ಮಾಡಿಕೊಳ್ಳುತ್ತಾರೆ.

ಸಹಾಯವಾಣಿಗೆ ಫೋನ್ ಮಾಡಿದೆ. ಆ ಹುಡುಗಿ ಪಾಪ ಬಹಳ ಪ್ರೀತಿಯಿಂದ ವಿವರಿಸಿದಳು. ನಿಮ್ಮ ಫೋನಿಗೆ ಕೊನೆಯ ಸೆಕ್ಯುರಿಟಿ ಪ್ಯಾಚ್, ಅಂದರೆ ಕಂಪನಿ ಹಾಕುವ ಸುರಕ್ಷತೆಯ ತೇಪೆ, ಬಂದಿದ್ದು 2019ರಲ್ಲಿ ಸರ್, ಅದು ಹಳೇ ಫೋನು, ನಿಮ್ಮ ಸುರಕ್ಷತೆಗಾಗಿಯೇ ನಾವು ಬಿಡುತ್ತಿಲ್ಲ, ಹೊಸ ಫೋನ್ ತಗೊಂಡುಬಿಡಿ ಸರ್. ತಗೊಂಡುಬಿಡಿ ಎಂದು ಎಷ್ಟು ಹಗುರವಾಗಿ ಅಂದಳು ಅಂದರೆ, ಸಂತೆಗೆ ಹೋದವನು ಬರುವಾಗ ಕೊತ್ತಂಬರಿ ಕಟ್ಟು ತಂದ ಹಾಗೆ. ಶಿರಸಿಯ ಮಾರಿಕಾಂಬಾ ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ. ಜಾತ್ರೆಗೊಂದು ಬಳೆ, ಜಾತ್ರೆಗೊಂದು ಫೋನು ಎಂದು ಲೆಕ್ಕ ಇಟ್ಟುಕೊಳ್ಳಬೇಕೇನೋ.

ಫೋನಿನ ಯಂತ್ರ ಸವೆದಿಲ್ಲ, ಮಾಡಿದ ಕಂಪನಿ ಅದರ ಕಡೆ ನೋಡುವುದನ್ನು ಬಿಟ್ಟಿದೆ, ಅಷ್ಟೇ. ಯುರೋಪಿನವರು ಇದಕ್ಕೆ ಒಂದು ಕಾನೂನು ಮಾಡಿಕೊಂಡಿದ್ದಾರೆ. 2025ರ ಜೂನ್ 20ರಿಂದ ಅಲ್ಲಿ ಮಾರುಕಟ್ಟೆಗೆ ಬರುವ ಫೋನುಗಳಿಗೆ, ಆ ಮಾಡೆಲ್ಲಿನ ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಕೊಡಬೇಕು. ನಮ್ಮಲ್ಲಿ ಆ ಖರ್ಚು ಗಿರಾಕಿಯದು. ಹೊಸದು ತಗೊಂಡುಬಿಡಿ ಸರ್.

ಸುರಕ್ಷತೆ ಎಂಬ ಮಾತು ಕಿವಿಗೆ ಬಿದ್ದಾಗ ನನಗೆ ಕಾರವಾರ ನೆನಪಾಯಿತು. ಕಾಳಿ ನದಿಯ ಹಳೇ ಸೇತುವೆ ನಾಲ್ಕು ದಶಕ ಗೋವೆಯ ದಾರಿಯ ಲಾರಿ, ಬಸ್ಸು, ಮೀನಿನ ಟೆಂಪೊ ಎಲ್ಲ ಹೊತ್ತುಕೊಂಡು ನಿಂತಿತ್ತು. 2024ರ ಆಗಸ್ಟ್ 7ರಂದು ಮಧ್ಯರಾತ್ರಿ ಕಳೆದ ಮೇಲೆ ಕುಸಿದು ನೀರಿಗೆ ಬಿತ್ತು, ಮೇಲಿದ್ದ ಒಂದು ಲಾರಿಯೂ ಬಿತ್ತು, ಚಾಲಕ ಬದುಕಿದ್ದೇ ದೊಡ್ಡದು. ಸೇತುವೆಗೆ ಕೊನೆಯ ಪ್ಯಾಚ್ ಯಾವಾಗ ಬಂದಿತ್ತು ಎಂದು ಹತ್ತುವ ಮೊದಲು ಯಾವ ಲಾರಿಗೂ ಯಾರೂ ತೋರಿಸಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ ವಯಸ್ಸು ಕೇಳಿ ಬಾಗಿಲು ಹಾಕುವುದು ಫೋನಿಗೆ ಮಾತ್ರ.

ಇಷ್ಟಕ್ಕೂ ಫೋನು ಯಾಕೆ ಬೇಕು, ಬೆರಳು ಒತ್ತಿದರೆ ಆಗುವುದಿಲ್ಲವಾ ಎಂದು ಪೇಟೆಯವರು ಕೇಳಬಹುದು. ಒತ್ತಿದ್ದೇನೆ. ಮೂವತ್ತು ವರ್ಷ ಅಡಿಕೆ ಸುಲಿದ ಬೆರಳು ಇದು, ರೇಖೆ ಅಂತ ಇದ್ದಿದ್ದೆಲ್ಲ ಮೆಟ್ಟುಗತ್ತಿಯ ಬಾಯಲ್ಲಿ ಹೋಗಿದೆ. ಮಶೀನು ಆರು ಸಲ ಕೆಂಪು ದೀಪ ತೋರಿಸಿತು. ಏಳನೇ ಸಲ ಅಲ್ಲಿದ್ದವನು ಹೆಬ್ಬೆರಳಿಗೆ ತೆಂಗಿನೆಣ್ಣೆ ಹಚ್ಚಿ ಒರೆಸಿ ಇಡಲು ಹೇಳಿದ. ಮಶೀನಿಗೆ ಎಣ್ಣೆಯಾಯಿತು, ನಾನು ಯಾರು ಎಂಬುದು ಗೊತ್ತಾಗಲಿಲ್ಲ. ಹಾಗಾಗಿ ಒಟಿಪಿ. ಒಟಿಪಿಗೆ ಫೋನು. ಫೋನಿಗೆ ನೆಟ್‌ವರ್ಕ್. ನೆಟ್‌ವರ್ಕಿಗೆ ನಮ್ಮ ಮನೆಯ ಹಿಂದಿನ ದರೆ ಹತ್ತಿ, ಹಲಸಿನ ಮರದ ಬುಡದಲ್ಲಿ, ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಬೇಕು. ಮಳೆಗಾಲದಲ್ಲಿ ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ. ಕರೆಂಟು ಹೋಗಿದೆ ಎಂದು ದೂರು ಕೊಡುವುದಕ್ಕೂ ಆ್ಯಪ್ ಇದೆ, ಅದರ ಕಥೆ ಬೇಡ.

ಕೂಲಿಯವರ ಪಾಡು ಇನ್ನೂ ಚೆಂದ. 2023ರ ಜನವರಿ 1ರಿಂದ ನರೇಗಾ ಹಾಜರಿಯನ್ನು ಮೊಬೈಲ್ ಆ್ಯಪಿನಲ್ಲೇ, ದಿನಕ್ಕೆ ಎರಡು ಸಲ ಫೋಟೊ ಹೊಡೆದು ಹಾಕಬೇಕು ಎಂದು ಕಡ್ಡಾಯ ಮಾಡಿದರು. ಗುದ್ದಲಿ ಹಿಡಿಯಲು ಬಂದರೆ ಸಾಲದು, ಹಾಜರಿ ಹಾಕುವ ಕಾಯಕ ಬಂಧುವಿನ ಕೈಯಲ್ಲಿ ಒಳ್ಳೇ ಫೋನಿರಬೇಕು. ಸಾವಿರಾರು ವರ್ಷದಿಂದ ಮಣ್ಣು ಅಗೆಯುತ್ತಿದ್ದೇವೆ, ಮಣ್ಣಿಗೆ ಆಂಡ್ರಾಯ್ಡ್ ಎಷ್ಟು ಎಂದು ಯಾರೂ ಕೇಳಿರಲಿಲ್ಲ.

ಅಂತೂ ಇಲಾಖೆಯ ಕೆಲಸಕ್ಕೆ ಶಿರಸಿಯ ಒಂದು ಆನ್‌ಲೈನ್ ಸೆಂಟರಿಗೆ ಹೋದೆ. ಕೋಣೆಯೊಳಗೆ ಹದಿಮೂರು ಜನ, ಎರಡು ಒದ್ದೆ ಕೊಡೆ, ಒಂದು ಕಂಪ್ಯೂಟರು. ಕಂಪ್ಯೂಟರ್ ಬೂಟ್ ಆಗುವಾಗ ಪರದೆಯ ಮೇಲೆ ನಾಲ್ಕು ಬಣ್ಣದ ಆ ಹಳೇ ಕಿಟಕಿ ಹೊಳೆಯಿತು. ವಿಂಡೋಸ್ 7! ಅದಕ್ಕೆ ಮೈಕ್ರೋಸಾಫ್ಟ್‌ನವರು 2020ರ ಜನವರಿ 14ಕ್ಕೇ ಎಳ್ಳುನೀರು ಬಿಟ್ಟಿದ್ದಾರೆ. ಅಂದರೆ ನನ್ನ ಫೋನು ನನ್ನ ಜೇಬಿನಲ್ಲಿದ್ದರೆ ಅಪಾಯ ಎಂದು, ಅದೇ ಕಾಲದಲ್ಲಿ ತೀರಿಕೊಂಡ ಇನ್ನೊಂದು ಯಂತ್ರದ ಮುಂದೆ, ಹದಿಮೂರು ಜನರ ನಡುವೆ, ನನ್ನನ್ನು ಕೂರಿಸಿದ್ದಾರೆ. ಪಕ್ಕದಲ್ಲಿ 200 ಪುಟದ ನೋಟ್‌ಬುಕ್ಕು. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ‘ಪಾಸ್‌ವರ್ಡ್’. ಒಳಗೆ ಊರೂರಿನವರ ಹೆಸರು, ಎದುರಿಗೆ ಪಾಸ್‌ವರ್ಡು, ನೀಟಾಗಿ ಗೆರೆ ಹಾಕಿದ್ದು. ಮುಕ್ಕಾಲು ಪಾಲು ಜನರದ್ದು ಸ್ವಂತ ಹೆಸರಿನ ಮುಂದೆ 123. ಬುಟ್ಟಿಯಲ್ಲಿ ಅರ್ಧ ಬಂದ ಆಧಾರ್ ಜೆರಾಕ್ಸುಗಳು. ಹೊರಗೆ ಶೇಂಗಾ ಕೊಂಡರೆ ಪೊಟ್ಟಣದಲ್ಲಿ ಯಾರದ್ದೋ ಹುಟ್ಟಿದ ದಿನಾಂಕ ಸಿಗುತ್ತದೆ.

ಕಂಪ್ಯೂಟರ್ ಮುಂದೆ ಕೂತ ಹುಡುಗನಿಗೆ ನಮ್ಮ ಕಡೆ ನೋಡುವುದಕ್ಕೂ ಬಿಡುವಿಲ್ಲ. ಕತ್ತು ಎತ್ತದೆ ‘ಒಟಿಪಿ?’ ಅನ್ನುತ್ತಾನೆ. ಬಾಗಿಲ ಹತ್ತಿರ ನಿಂತ ಅಜ್ಜಿ ತನ್ನ ಫೋನನ್ನು ಪಕ್ಕದವನಿಗೆ ಕೊಟ್ಟಳು, ‘ತಮಾ, ಎಂತಾ ಬಂಜು ನೋಡು’ ಎಂದಳು. ಅವನು ಓದಿ ಹೇಳಿದ. ಹುಡುಗನಿಗೆ ಕೇಳಲಿಲ್ಲ, ಮಳೆ ತಗಡಿನ ಮೇಲೆ ಆ ಥರ ಹೊಡೆಯುತ್ತಿತ್ತು. ‘ಜೋರಾಗಿ ಹೇಳಿ’ ಎಂದ. ಆಗ ಮೂರು ಜನ ಒಟ್ಟಿಗೆ, ಮಂಗಳಾರತಿಯ ಹೊತ್ತಿಗೆ ಜಾಗಟೆ ಹೊಡೆದ ಹಾಗೆ, ಅಜ್ಜಿಯ ಆರೂ ಅಂಕಿಯನ್ನು ಕೂಗಿದರು. ಎದುರಿನ ಚಾದ ಅಂಗಡಿಗೂ ಕೇಳಿಸಿರಬೇಕು. ಅದೇ ಹೊತ್ತಿಗೆ ಮೂಲೆಯಲ್ಲಿದ್ದ ಒಬ್ಬರು ಯಾರಿಗೋ ಫೋನ್ ಮಾಡಿ ಸ್ಪೀಕರಿಗೆ ಹಾಕಿದ್ದರು, ರಿಂಗಾಗುವ ಮೊದಲು ಒಟಿಪಿಯನ್ನು ಯಾರ ಜೊತೆಗೂ ಹಂಚಿಕೊಳ್ಳಬೇಡಿ ಎಂಬ ಉಪದೇಶ ಗಂಭೀರವಾಗಿ ಬರುತ್ತಿತ್ತು. ಯಾರೂ ನಗಲಿಲ್ಲ. ನನ್ನ ಸರದಿ ಬಂತು. ಹಳೇ ಫೋನು ಒಂದು ಕ್ಷಣ ಯೋಚಿಸಿ ಮೆಸೇಜು ತೋರಿಸಿತು. ನಾನು ಗಂಟಲು ಸರಿ ಮಾಡಿಕೊಂಡು ಕೂಗಿದೆ. ಮೊದಲ ಸಲವೇ ಕೇಳಿಸಿತು ಅಂತ ಹುಡುಗ ಮೆಚ್ಚಿಕೊಂಡ. 50 ರೂಪಾಯಿ ತೆಗೆದುಕೊಂಡ.

ಆಮೇಲೆ ಎರಡು ತಿಂಗಳಲ್ಲಿ ನಾಲ್ಕು ಸಲ ಹೋಗಿದ್ದೇನೆ. ಈಗ ಕೇಳುವ ಮೊದಲೇ ಹೇಳುತ್ತೇನೆ, ಅಭ್ಯಾಸವಾಗಿದೆ. ಆ ಹುಡುಗನಿಗೆ ನನ್ನ ಖಾತೆ ನಂಬರು ಬಾಯಿಪಾಠ, ನನಗೆ ಇನ್ನೂ ಬಾರದು.

ಮೊನ್ನೆ ಸೆಂಟರಿನ ಕೆಲಸ ಮುಗಿಸಿ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದೆ. ಹುಲೇಕಲ್ ದಾಟಿತ್ತು. ಗುರುತಿಲ್ಲದ ನಂಬರಿನಿಂದ ಫೋನ್ ಬಂತು, ಹಲಸಿನ ಮರದ ಬುಡದಲ್ಲೂ ಇಷ್ಟು ಸ್ಪಷ್ಟವಾಗಿ ಯಾರ ಮಾತೂ ಕೇಳಿದ್ದಿಲ್ಲ.

‘ಸರ್, ಬ್ಯಾಂಕಿಂದ. ನಿಮ್ಮ ಕೆವೈಸಿ ಬಾಕಿ ಇದೆ. ಒಂದು ಲಿಂಕ್ ಕಳಿಸಿದ್ದೇನೆ, ಆ್ಯಪ್ ಹಾಕಿಕೊಳ್ಳಿ.’

‘ಯಾವ ಬ್ಯಾಂಕು?’

‘ನಿಮ್ಮ ಬ್ಯಾಂಕೇ ಸರ್.’

‘ನನ್ನದು ಹಳೇ ಫೋನಪ್ಪಾ. ಆಂಡ್ರಾಯ್ಡ್ 7. ಪ್ಯಾಚ್ 2019ರದ್ದು. ಸುಮ್ನೆ ನಿನಗೂ ತೊಂದರೆ.’

‘ಏನೂ ತೊಂದರೆ ಇಲ್ಲ ಸರ್. ನಮ್ಮ ಆ್ಯಪ್ ಎಂಥಾ ಫೋನಿಗೂ ನಡೆಯುತ್ತೆ.’

ನನಗೆ ಗಂಟಲು ಕಟ್ಟಿತು. ಎರಡು ತಿಂಗಳಲ್ಲಿ ನನ್ನ ಫೋನಿನ ಬಗ್ಗೆ ಒಂದು ಒಳ್ಳೇ ಮಾತಾಡಿದ ಮೊದಲ ಮನುಷ್ಯ. ಕಳ್ಳ ಎಂದು ಗೊತ್ತು, ಆದರೆ ಎಷ್ಟು ಮರ್ಯಾದೆ! ನಿನ್ನ ಆ್ಯಪ್ ಬರೆದವನನ್ನು ಸ್ವಲ್ಪ ದಿನ ಆ ಇಲಾಖೆಗೆ ಕಳಿಸಿಕೊಡು ಮಾರಾಯ ಎಂದು ಹೇಳಬೇಕು ಅಂತಿದ್ದೆ. ಅಷ್ಟರಲ್ಲಿ ಫೋನು ಟಿಣ್ ಅಂದಿತು. ಅವನು ‘ಒಟಿಪಿ?’ ಎಂದ. ಥೇಟು ಸೆಂಟರಿನ ಹುಡುಗನ ಧಾಟಿ. ನನ್ನ ಕೈ ತಾನಾಗಿ ಫೋನನ್ನು ಕಣ್ಣ ಮುಂದೆ ಹಿಡಿಯಿತು, ಬಾಯಿ ತಾನಾಗಿ ತೆರೆಯಿತು.

‘ನಾಲ್ಕು, ಏಳು...’

ಬಸ್ಸು ತಗ್ಗಿನ ತಿರುವಿಗೆ ಇಳಿಯಿತು. ನೆಟ್‌ವರ್ಕ್ ಹೋಯಿತು.