ಹೃದಯಕ್ಕೆ ನಾಲ್ಕಂಕ, ಕರುಣೆಗೆ ಇಪ್ಪತ್ತು

ಕರ್ನಾಟಕದ ಹೈಸ್ಕೂಲುಗಳಲ್ಲಿ ವೈಜ್ಞಾನಿಕ ಮನೋಭಾವ ಸತ್ತುಹೋಗಿದೆ ಅಂತ ಯಾರಾದರೂ ಭಾಷಣ ಬಿಗಿದರೆ ನಂಬಬೇಡಿ. ಜನವರಿ ಕಳೆದ ಮೇಲೆ ಯಾವುದಾದರೂ ಪ್ರೌಢಶಾಲೆಯ ಸ್ಟಾಫ್ ರೂಮಿನಲ್ಲಿ ಅರ್ಧ ಗಂಟೆ ಕೂತು ನೋಡಿ. ವೀಕ್ಷಣೆ ಬೇಕೇ, ಇದೆ. ದತ್ತಾಂಶ, ಊಹೆ, ಊಹೆಯನ್ನು ಒರೆಗೆ ಹಚ್ಚುವುದು, ಸಹೋದ್ಯೋಗಿಯ ಸಿದ್ಧಾಂತವನ್ನು ಮುಲಾಜಿಲ್ಲದೆ ಖಂಡಿಸುವುದು, ಎಲ್ಲವೂ ಇದೆ. ಮೇಜಿನ ತುಂಬ ಹಿಂದಿನ ವರ್ಷಗಳ ಎಸ್‌ಎಸ್‌ಎಲ್‌ಸಿ ವಿಜ್ಞಾನ ಪ್ರಶ್ನೆಪತ್ರಿಕೆಗಳು ಹರಡಿಕೊಂಡಿರುತ್ತವೆ.

"ಹೃದಯದ ಚಿತ್ರ ಹೋದ ಸಲ ಬಂದಿದೆ. ಅದಕ್ಕೂ ಹಿಂದಿನ ಸಲ ಮೆದುಳು. ಹಾಗಾಗಿ ಈ ಸಲ ಶಲಾಕಾಗ್ರದ ಮೇಲೆ ಪರಾಗರೇಣು ಮೊಳೆಯದೆ ವಿಧಿಯಿಲ್ಲ" ಅನ್ನುತ್ತಾರೆ ರಸಾಯನ, ಸಸ್ಯ, ಪ್ರಾಣಿಶಾಸ್ತ್ರದ ಸಿಬಿಜೆಡ್ ಮೇಡಂ.

ಭೌತ, ರಸಾಯನ, ಗಣಿತದ ಪಿಸಿಎಂ ಮೇಷ್ಟ್ರು ಒಪ್ಪುವುದಿಲ್ಲ. "ಪ್ರಿಪರೇಟರಿ ಪರೀಕ್ಷೇಲಿ ಪರಾಗ ಕೊಟ್ಟುಬಿಟ್ಟಿದಾರೆ ಮೇಡಂ. ಅದನ್ನೇ ಮತ್ತೆ ಕೊಡ್ತಾರಾ?"

"ಕೊಡಲ್ಲ ಅಂತ ನಾವು ಅನ್ಕೋತೀವಿ ಅಂತ ಅವರಿಗೂ ಗೊತ್ತಿರುತ್ತಲ್ಲ ಸಾರ್. ಅದಕ್ಕೇ ಕೊಡ್ತಾರೆ."

1869ರಲ್ಲಿ ಮೆಂಡಲೀವ್ ತನ್ನ ಆವರ್ತ ಕೋಷ್ಟಕದಲ್ಲಿ ಖಾಲಿ ಜಾಗಗಳನ್ನು ಬಿಟ್ಟ. ಇಲ್ಲೊಂದು ಧಾತು ಇರಲೇಬೇಕು, ಇವತ್ತಲ್ಲ ನಾಳೆ ಸಿಗುತ್ತದೆ ಎಂದ. 1875ರಲ್ಲಿ ಗ್ಯಾಲಿಯಂ ಸಿಕ್ಕಿತು, ಜಗತ್ತು ಬೆರಗಾಯಿತು. ನಮ್ಮ ಮೇಡಂ ಪ್ರತಿ ವರ್ಷ ಇಂಥ ಖಾಲಿ ಜಾಗಗಳನ್ನು ತುಂಬುತ್ತಾರೆ, ಯಾರೂ ಬೆರಗಾಗುವುದಿಲ್ಲ. (ಆ ಕೋಷ್ಟಕದ ಅಧ್ಯಾಯವನ್ನೇ ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ಪುಸ್ತಕದಿಂದ ಕೈಬಿಟ್ಟಿತು. ಹೊರೆ ಇಳಿಸಲು ಅಂತೆ. ಜೊತೆಗೆ ಜೀವವಿಕಾಸವೂ ಹೋಯಿತು. ಹತ್ತನೇ ಕ್ಲಾಸಿನ ಮಕ್ಕಳಿಗೆ ಮಂಗ ಭಾರ ಅಂತ ಕಂಡಿರಬೇಕು.)

ಒಟ್ಟಿನಲ್ಲಿ ರಾಜ್ಯದಲ್ಲಿ ಅತ್ಯಂತ ವೈಜ್ಞಾನಿಕವಾಗಿ ಅಧ್ಯಯನಕ್ಕೆ ಒಳಗಾದ ವಸ್ತು ಅಣುವೂ ಅಲ್ಲ, ಜೀವಕೋಶವೂ ಅಲ್ಲ, ಪ್ರಶ್ನೆಪತ್ರಿಕೆ. ಅದರ ಅಂಗರಚನೆ ಹಿಂದಿನ ಬೆಂಚಿನ ಹುಡುಗನಿಗೂ ಬಾಯಿಪಾಠ. 80 ಅಂಕ, 38 ಪ್ರಶ್ನೆ. ಬಹುಆಯ್ಕೆ ಎಂಟು, ಒಂದಂಕದ್ದು ಎಂಟು, ಎರಡಂಕದ್ದು ಎಂಟು, ಮೂರಂಕದ್ದು ಒಂಬತ್ತು, ನಾಲ್ಕಂಕದ್ದು ನಾಲ್ಕು, ಕಟ್ಟಕಡೆಗೆ ಐದಂಕದ ಒಂಟಿಸಲಗ. ಮೂರು ಗಂಟೆ ಬರೆಯಲು, 15 ನಿಮಿಷ ಓದಿಕೊಳ್ಳಲು. ಭಾಗ ಎ ಭೌತಶಾಸ್ತ್ರ, ಭಾಗ ಬಿ ರಸಾಯನಶಾಸ್ತ್ರ, ಭಾಗ ಸಿ ಜೀವಶಾಸ್ತ್ರ. ಈ ಗಡಿ ಬಲು ಕಟ್ಟುನಿಟ್ಟು. ಉಂಡ ಮುದ್ದೆ ಅರಗುವುದು ಭಾಗ ಸಿ. ಅರಗಿಸಲು ಹೊಟ್ಟೆಯಲ್ಲಿ ಕಾದು ಕೂತಿರುವ ಹೈಡ್ರೋಕ್ಲೋರಿಕ್ ಆಮ್ಲ ಭಾಗ ಬಿ. ಆಮ್ಲ ಹೆಚ್ಚಾಗಿ ಎದೆ ಉರಿದರೆ ಯಾವ ಭಾಗ ಅನ್ನುವುದು ಬ್ಲೂಪ್ರಿಂಟಿನಲ್ಲಿಲ್ಲ, ಆದ್ದರಿಂದ ಉರಿಯುವುದಿಲ್ಲ.

ಇಷ್ಟೆಲ್ಲ ಸಂಶೋಧನೆಯ ಫಲವೇ ಪಾಸಿಂಗ್ ಪ್ಯಾಕೇಜ್. ಇಡೀ ವರ್ಷದ ಭೌತ, ರಸಾಯನ, ಜೀವ ಮೂರನ್ನೂ ಕುದಿಸಿ, ಸೋಸಿ, ಬಟ್ಟಿ ಇಳಿಸಿದಾಗ ಉಳಿಯುವ ಹತ್ತೋ ಹದಿನೈದೋ ಪುಟಗಳ ಜೆರಾಕ್ಸ್. ಓಮ್‌ನ ನಿಯಮದ ಹೇಳಿಕೆ, ಎರಡು ಕಿರಣ ಚಿತ್ರ, ನಾಲ್ಕು ಸಮೀಕರಣ, ಮೆಂಡೆಲನ ಬಟಾಣಿ, ಆಮೇಲೆ ಚಿತ್ರಗಳು. ಬಹಳ ಕಾಲ ಬರವಣಿಗೆ ಪರೀಕ್ಷೆಯಲ್ಲಿ 80ಕ್ಕೆ 28 ಬಂದರೆ ದಡ ಸೇರಿದ ಹಾಗಿತ್ತು. ಪ್ಯಾಕೇಜಿನ ಗುರಿಯೂ ಅದೇ ಆಗಿತ್ತು. ಫೆಬ್ರುವರಿ 28ಕ್ಕೆ ರಾಷ್ಟ್ರೀಯ ವಿಜ್ಞಾನ ದಿನ ಬರುವುದು ಸರ್ ಸಿ.ವಿ. ರಾಮನ್ನರಿಂದ ಅಂತ ಪುಸ್ತಕದಲ್ಲಿದೆ. ನನಗೇನೋ ಮೊದಲಿಂದಲೂ ಇದು ಪಾಸಿಂಗ್ ಮಾರ್ಕಿನ ಜಯಂತಿ ಅನ್ನಿಸುತ್ತದೆ. ಅವತ್ತು ಅಂಗಳದಲ್ಲಿ ಹೆಣ್ಣುಮಕ್ಕಳು ರಂಗೋಲಿಯಲ್ಲಿ ಹೃದಯ, ಕಿಡ್ನಿ, ಪರಮಾಣು ಬಿಡಿಸುತ್ತಾರೆ. ಅತಿಥಿಗಳು ರಂಗೋಲಿ ತುಳಿಯದಂತೆ ದಾಟಿ ಬಂದು, 'ಮೂಢನಂಬಿಕೆ ಬಿಡಿ, ಪ್ರಶ್ನಿಸುವುದನ್ನು ಕಲಿಯಿರಿ' ಅಂತ ಹೇಳಿ, ರಾಹುಕಾಲಕ್ಕೆ ಮೊದಲು ಹೊರಡುತ್ತಾರೆ. ಮಧ್ಯಾಹ್ನದಿಂದ ಮತ್ತೆ ಪ್ಯಾಕೇಜು.

ಈ ಪ್ಯಾಕೇಜಿನ ವಿಜ್ಞಾನ ಮುಖ್ಯವಾಗಿ ಚಿತ್ರಕಲೆ. ಎಸ್‌ಎಸ್‌ಎಲ್‌ಸಿ ವಿಜ್ಞಾನಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಇಲ್ಲವಲ್ಲ, ಅದಕ್ಕೇ ಪ್ರಯೋಗ ಮಾಡುವುದರ ಬದಲು ಪ್ರಯೋಗದ ಚಿತ್ರ ಬರೆಯುವ ಪದ್ಧತಿ. ಸತುವಿನ ಚೂರುಗಳ ಮೇಲೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸುರಿದು, ಹೊರಬರುವ ಅನಿಲವನ್ನು ಸೋಪಿನ ನೀರಿನಲ್ಲಿ ಹಾಯಿಸಿ, ಗುಳ್ಳೆಯ ಹತ್ತಿರ ಉರಿಯುವ ಮೇಣದಬತ್ತಿ ಹಿಡಿದರೆ ಹೈಡ್ರೋಜನ್ 'ಪಾಪ್' ಎಂದು ಸದ್ದು ಮಾಡಿ ಉರಿಯುತ್ತದೆ. ಲಕ್ಷಾಂತರ ಮಕ್ಕಳು ಈ ಪ್ರನಾಳ, ಈ ಮೇಣದಬತ್ತಿ, ಆ ಬಾಗಿದ ನಳಿಕೆಯನ್ನು ಸ್ಕೇಲು ಹಿಡಿದು ಚಂದವಾಗಿ ಬರೆಯುತ್ತಾರೆ, 'ಪಾಪ್' ಅನ್ನುವುದನ್ನು ಉದ್ಧರಣ ಚಿಹ್ನೆಯೊಳಗೇ ಬರೆಯುತ್ತಾರೆ. ಆ ಸದ್ದನ್ನು ಕಿವಿಯಿಂದ ಕೇಳಿದವರು ಎಷ್ಟು ಜನ ಕೈ ಎತ್ತಿ ಅಂದರೆ ತರಗತಿ ಗಪ್‌ಚಿಪ್. ಆಮ್ಲದ ಬಾಟಲಿ ಇಲ್ಲವೆಂದಲ್ಲ. ಬೀರುವಿನಲ್ಲಿದೆ. ಬೀರುವಿನ ಬೀಗದಕೈ ಲ್ಯಾಬ್ ಇನ್‌ಚಾರ್ಜ್ ಹತ್ತಿರ ಇದೆ. ಅವರು ಜಾತಿ ಗಣತಿಗೋ ಚುನಾವಣೆಗೋ ಡೆಪ್ಯೂಟ್ ಆಗಿದ್ದಾರೆ. ಬಾಟಲಿ ಒಡೆದರೆ ಸ್ಟಾಕ್ ರಿಜಿಸ್ಟರಿನಲ್ಲಿ ಉತ್ತರ ಕೊಡಬೇಕು. ಬಾಟಲಿ ತೆಗೆಯದಿದ್ದರೆ ಯಾರೂ ಏನೂ ಕೇಳುವುದಿಲ್ಲ. ಜಡತ್ವದ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಪ್ರಾತ್ಯಕ್ಷಿಕೆಯನ್ನು ನ್ಯೂಟನ್ ಕೂಡ ತೋರಿಸಲಾರ.

ಹೃದಯದ ವಿಷಯಕ್ಕೆ ಬನ್ನಿ. ಮಾನವನ ಹೃದಯದ ನೀಳಛೇದದ ಚಿತ್ರ ಬರೆದು ಭಾಗ ಗುರುತಿಸಿದರೆ ನಾಲ್ಕಂಕ ಗ್ಯಾರಂಟಿ ಅಂತ ಪ್ರತೀತಿ. ಒಬ್ಬ ಹುಡುಗ ಕಣ್ಣುಮುಚ್ಚಿಕೊಂಡು ಬರೆಯುವಷ್ಟು ಪಳಗಿದ್ದ. ಮಹಾಪಧಮನಿಯ ಬಾಗು, ದಪ್ಪ ಗೋಡೆ, ಕವಾಟ ಎಲ್ಲ ಅಚ್ಚು ಹಾಕಿದಂತೆ. ಬರೆದು ಮುಗಿಸಿ ಕೇಳಿದ: "ಮಿಸ್, ಎಡ ಹೃತ್ಕುಕ್ಷಿ ಅಂತ ಬಲಗಡೆ ಯಾಕೆ ಬರೀತೀವಿ?"

ನಿಜವಾಗಿ ಹೇಳಬೇಕೆಂದರೆ, ವರ್ಷವಿಡೀ ಆ ಶಾಲೆಯಲ್ಲಿ ನಡೆದ ಒಂದೇ ಒಂದು ವಿಜ್ಞಾನ ಅದು. ಉತ್ತರ ಎರಡು ವಾಕ್ಯದ್ದು: ಚಿತ್ರದಲ್ಲಿರುವ ಮನುಷ್ಯ ನಮ್ಮ ಎದುರಿಗೆ ನಿಂತಿದ್ದಾನೆ, ಅವನ ಎಡ ನಮಗೆ ಬಲ. ಬೇಕಿದ್ದರೆ ಪಕ್ಕದ ಹುಡುಗನನ್ನು ಎದುರಿಗೆ ನಿಲ್ಲಿಸಿ ತೋರಿಸಬಹುದು, ಖರ್ಚಿಲ್ಲ. ಆದರೆ ಪರೀಕ್ಷೆಗೆ ಉಳಿದಿರುವ ದಿನಗಳನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿತ್ತು. ಮಿಸ್ ಅದರ ಕಡೆ ನೋಡಿ, "ಲೇಬಲ್ ಮಾಡಪ್ಪ, ಅಂಕ ಬರುತ್ತೆ" ಅಂದರು. ಹುಡುಗ ಲೇಬಲ್ ಮಾಡಿದ.

ಮಿಸ್ಸನ್ನು ಬೈದು ಪ್ರಯೋಜನವಿಲ್ಲ. ಅವರ ತಲೆಯ ಮೇಲೆ ಮುಖ್ಯಶಿಕ್ಷಕರು, ಅವರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ), ಅವರ ಮೇಲೆ ಜಿಲ್ಲೆಯ ಉಪನಿರ್ದೇಶಕರು (ಡಿಡಿಪಿಐ), ಎಲ್ಲರ ಮೇಲೆ ಜಿಲ್ಲೆಯ ಶೇಕಡಾವಾರು. ಫಲಿತಾಂಶ ಬಿದ್ದರೆ ನೋಟಿಸು. ಹಾಗಾಗಿ ಒಬ್ಬೊಬ್ಬ ಶಿಕ್ಷಕರು ಕೆಲವು 'ನಿಧಾನ ಕಲಿಕೆಯ' ಮಕ್ಕಳನ್ನು ದತ್ತು ತೆಗೆದುಕೊಳ್ಳಬೇಕು, ಬೆಳಗಿನ ಜಾವ ಐದಕ್ಕೆ ಫೋನು ಮಾಡಿ ಎಬ್ಬಿಸಬೇಕು. ತಂದೆ ಹಾಲು ಕರೆಯಲು ಹೋಗಿದ್ದಾನೆ, ಫೋನು ಎತ್ತಿದ ತಾಯಿ "ಎದ್ದವ್ನೆ ಕಣ್ ಮೇಷ್ಟ್ರೇ" ಅನ್ನುತ್ತಾಳೆ, ಹಿಂದಿನಿಂದ ಗೊರಕೆ ಕೇಳುತ್ತದೆ. ಶಬ್ದತರಂಗ, ಭಾಗ ಎ.

ಈಗ ನಮ್ಮ ರಾಜ್ಯ ಭೌತಶಾಸ್ತ್ರಕ್ಕೆ ಕೊಟ್ಟ ದೊಡ್ಡ ಕೊಡುಗೆಗೆ ಬರೋಣ. ಎಲೆಕ್ಟ್ರಾನುಗಳನ್ನು ಎರಡು ಸೀಳುಗಳ ಮೂಲಕ ಹಾಯಿಸಿದರೆ ಪರದೆಯ ಮೇಲೆ ಪಟ್ಟೆಪಟ್ಟೆಯಾಗಿ ಬೀಳುತ್ತವೆ. ಯಾವ ಸೀಳಿನಿಂದ ಹೋದವು ಅಂತ ಇಣುಕಿ ನೋಡಿದಿರೋ, ಪಟ್ಟೆಗಳೇ ಮಾಯ. ನೋಡುವುದರಿಂದಲೇ ಫಲಿತಾಂಶ ಬದಲಾಗುತ್ತದೆ ಎನ್ನುವ ಈ ವಿಚಿತ್ರವು ಸೂಕ್ಷ್ಮ ಕಣಗಳಿಗೆ ಮಾತ್ರ ಸೀಮಿತ ಅಂತ ವಿಜ್ಞಾನಿಗಳು ತಿಳಿದಿದ್ದರು. 2024ರಲ್ಲಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿತು. ಹಿಂದಿನ ವರ್ಷ ಶೇ 83.89 ಇದ್ದ ಉತ್ತೀರ್ಣತೆ ಐವತ್ತರ ಮೇಲೆ ಮೂರೋ ನಾಲ್ಕಕ್ಕೆ ಕುಸಿಯಿತು. ಮಕ್ಕಳು ಅಂಥವರೇ, ಮೇಷ್ಟ್ರು ಅವರೇ, ಓಮ್‌ನ ನಿಯಮವೂ ಬದಲಾಗಿರಲಿಲ್ಲ. ಸುಮ್ಮನೆ ಒಮ್ಮೆ ನೋಡಿದ್ದು, ಅಷ್ಟೇ.

ಸಾಧಾರಣ ವಿಜ್ಞಾನಿಯಾಗಿದ್ದರೆ ಇಲ್ಲಿ ನಿಂತು, ಹಾಗಾದರೆ ಇಷ್ಟು ವರ್ಷ ನಾವು ಅಳೆಯುತ್ತಿದ್ದದ್ದು ಏನನ್ನು ಅಂತ ತಲೆ ಕೆರೆದುಕೊಳ್ಳುತ್ತಿದ್ದ. ನಮ್ಮವರು ಅಷ್ಟು ದುರ್ಬಲರಲ್ಲ. ಕೃಪಾಂಕಕ್ಕೆ, ಅಂದರೆ ಗ್ರೇಸ್ ಮಾರ್ಕಿಗೆ, ಬೇಕಾದ ಅರ್ಹತೆಯನ್ನು ಶೇ 35ರಿಂದ 25ಕ್ಕೆ ಇಳಿಸಿದರು, ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದರು. ಮದುವೆಮನೆಯಲ್ಲಿ ಎಲೆಗೆ ಕೈ ಅಡ್ಡ ಹಿಡಿದರೂ ಹೋಳಿಗೆ ಬಡಿಸಿಬಿಡುವ ಬೀಗರ ಹಾಗೆ, ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ಅಂಕಪಟ್ಟಿಗೆ ಬಡಿಸಿದರು. ಫಲಿತಾಂಶ ಶೇ 73.40 ಎಂದು ಘೋಷಣೆಯಾಯಿತು. ಶಕ್ತಿಯನ್ನು ಸೃಷ್ಟಿಸಲೂ ಆಗದು, ನಾಶಮಾಡಲೂ ಆಗದು. ಅಂಕಗಳೂ ಹಾಗೇ: ಕೊಠಡಿಯಲ್ಲಿ ಕಳೆದುಹೋದವು ಕಚೇರಿಯಲ್ಲಿ ಸಿಗುತ್ತವೆ. ಮುಖ್ಯಮಂತ್ರಿಗಳು ಸಿಡಿಮಿಡಿಗೊಂಡರು, ಮರುವರ್ಷ ಕೃಪಾಂಕ ನಿಂತಿತು, ಫಲಿತಾಂಶ ಅರವತ್ತರ ಮನೆಗೆ ಬಂತು.

ಇದಕ್ಕಿಂತ ರೋಚಕವಾದ ದತ್ತಾಂಶ 2021ರದ್ದು. ಕೊರೊನಾದಿಂದ ಶಾಲೆಗಳು ಬಹುಪಾಲು ಮುಚ್ಚಿದ್ದವು. ಮಕ್ಕಳು ಮರ ಹತ್ತಿ, ಮಾಳಿಗೆ ಹತ್ತಿ ನೆಟ್‌ವರ್ಕ್ ಹುಡುಕುತ್ತಿದ್ದರು. ಪರೀಕ್ಷೆ ಎರಡೇ ದಿನ; ಗಣಿತ, ವಿಜ್ಞಾನ, ಸಮಾಜ ಮೂರೂ ಒಂದೇ ಬೆಳಿಗ್ಗೆ, ತಲಾ 40 ಬಹುಆಯ್ಕೆ ಪ್ರಶ್ನೆ, ಒಎಂಆರ್ ಹಾಳೆಯಲ್ಲಿ ಗುಂಡಗೆ ಕಪ್ಪು ಮಾಡುವುದು. ಫಲಿತಾಂಶ ಶೇ 99.9. ಮರುವರ್ಷ ಶಾಲೆ ತೆರೆದರು, ಮೇಷ್ಟ್ರು ಪಾಠ ಮಾಡಿದರು, 85.63ಕ್ಕೆ ಇಳಿಯಿತು. ಅಂಕಿಅಂಶ ಬಲ್ಲವರು ಯಾರಾದರೂ ಗ್ರಾಫ್ ಹಾಳೆಯ ಮೇಲೆ ಈ ಬಿಂದುಗಳನ್ನು ಗುರುತಿಸಿ ನೋಡಲಿ; ಶಾಲೆಯೆಂಬುದು ಕಲಿಕೆಯ ಕ್ರಿಯೆಗೆ ಪ್ರತಿಬಂಧಕ ಎಂದೇ ತೀರ್ಮಾನಿಸಬೇಕಾಗುತ್ತದೆ. ಸರ್ಕಾರದ ಕಣ್ಣಿಗೆ ಇದು ಬಿದ್ದಿಲ್ಲ. ಬೀಳದಿರಲಿ, ಉಳಿತಾಯದ ಬಾಬತ್ತು ಹುಡುಕುತ್ತಿದ್ದಾರೆ.

ಆಮೇಲೆ ಬಂದದ್ದು ಒಂದು ವರ್ಷಕ್ಕೆ ಮೂರು ಪರೀಕ್ಷೆ. ಪರೀಕ್ಷೆ ಒಂದು, ಎರಡು, ಮೂರು. ಇದು ಒಳ್ಳೆಯದೇ, ನಾನು ಗೇಲಿ ಮಾಡಲಾರೆ. ಒಂದೇ ಏಟಿಗೆ ಮಗುವಿನ ಭವಿಷ್ಯ ಮುರಿಯುವುದಕ್ಕಿಂತ ಮೂರು ಅವಕಾಶ ವಾಸಿ. ಗೇಲಿಗೆ ಬೇರೆ ಸಾಮಗ್ರಿ ಸಾಕಷ್ಟಿದೆ.

2025ರ ಅಕ್ಟೋಬರಿನಲ್ಲಿ ಶಿಕ್ಷಣ ಸಚಿವರು ಪಾಸಾಗುವ ಅಂಕವನ್ನು 35ರಿಂದ 33ಕ್ಕೆ ಇಳಿಸುವುದನ್ನು ಪ್ರಕಟಿಸಿದರು. ಸಿಬಿಎಸ್‌ಇಯಲ್ಲೂ 33 ಇದೆಯಲ್ಲ ಎಂಬುದು ಸಮರ್ಥನೆ. ಸರಿಯೇ. ಬೆಂಗಳೂರಿನಲ್ಲೂ ಮಡಿಕೇರಿಯಲ್ಲೂ ನೀರು ನೂರು ಡಿಗ್ರಿಗೆ ಮೊದಲೇ ಕುದಿಯುತ್ತದೆ. ಎತ್ತರ ಹೆಚ್ಚು, ಒತ್ತಡ ಕಡಿಮೆ. ಪಾಸಾಗುವ ಬಿಂದು ಮಾತ್ರ ಒತ್ತಡ ಹೆಚ್ಚಾದಷ್ಟೂ ಇಳಿಯುತ್ತದೆ. ಹೊಸ ಏರ್ಪಾಡಿನಲ್ಲಿ ಆಂತರಿಕ ಅಂಕ, ಬರವಣಿಗೆ ಎರಡನ್ನೂ ಕೂಡಿಸಿ ವಿಷಯವೊಂದಕ್ಕೆ 30 ಬಂದರೂ ನಡೆಯುತ್ತದೆ, ಒಟ್ಟು ಶೇ 33 ಇದ್ದರಾಯಿತು.

ಸ್ಟಾಫ್ ರೂಮಿನ ಸಂಶೋಧಕರು ಆ ಸಂಜೆಯೇ ಲೆಕ್ಕಕ್ಕೆ ಕೂತರು. ವಿಜ್ಞಾನಕ್ಕೆ ಆಂತರಿಕ ಅಂಕ 20. ಅದನ್ನು ಕೊಡುವವರು ಯಾರು? ನಾವೇ. ಎಷ್ಟು ಕೊಡುತ್ತೇವೆ? ಅದು ಕೇಳುವ ಮಾತೇ. ಉಳಿದದ್ದು ಬರವಣಿಗೆಯಲ್ಲಿ ಹತ್ತು. ಒಂದು ಹೃದಯ ನಾಲ್ಕು, ಒಂದು ಮೆದುಳು ನಾಲ್ಕು, ಒಂದು ಕಿರಣ ಚಿತ್ರ ಎರಡು. ಮೂರು ಚಿತ್ರಕ್ಕೆ ವಿಜ್ಞಾನ ಮುಗಿಯಿತು. ಪ್ಯಾಕೇಜನ್ನು ಒಂದೂವರೆ ಪುಟಕ್ಕೆ ಇಳಿಸಬಹುದು, ಜೆರಾಕ್ಸ್ ಖರ್ಚೂ ಉಳಿಯಿತು ಅಂತ ಮೇಡಂ ಖುಷಿಪಟ್ಟರು. ಡ್ರಾಯಿಂಗ್ ಮೇಷ್ಟ್ರ ಹುದ್ದೆ ಭರ್ತಿಯಾದರೆ ವಿಜ್ಞಾನ ಶಿಕ್ಷಕರ ಕೊರತೆಯೂ ನೀಗುತ್ತದೆ ಅಂತ ಯಾರೋ ಮೂಲೆಯಿಂದ ಸೇರಿಸಿದರು.

ಪಿಸಿಎಂ ಮೇಷ್ಟ್ರು ಮಾತ್ರ ಕ್ಯಾಲ್ಕುಲೇಟರ್ ಕೆಳಗಿಡಲಿಲ್ಲ. ಅವರಿಗೊಂದು ತಕರಾರಿತ್ತು. ಒಟ್ಟು 625 ಅಂಕಕ್ಕೆ ಶೇ 33 ಅಂದರೆ 206.25. ಪ್ರಕಟವಾದದ್ದು 206. ಕಾಲಂಕ ಎಲ್ಲಿ ಹೋಯಿತು?

"ಮಕ್ಕಳಿಗೆ ಬಿಟ್ಟುಬಿಟ್ಟಿದಾರೆ ಬಿಡಿ ಸಾರ್" ಅಂದರು ಮೇಡಂ.

"ಹಾಗಲ್ಲ ಮೇಡಂ. ನಾಳೆ ಕ್ಲಾಸಲ್ಲಿ ಯಾರಾದರೂ ಕೇಳಿದರೆ?"

"ಯಾರು ಕೇಳ್ತಾರೆ?"

ಮೇಷ್ಟ್ರು ಸ್ವಲ್ಪ ಹೊತ್ತು ಯೋಚಿಸಿ, ಕ್ಯಾಲ್ಕುಲೇಟರ್ ಆಫ್ ಮಾಡಿದರು.