ಪೋಲಿ ಗೊಂಬೆಯ ಹಿಂದಿನ ಕುಸುರಿ ಕೈ

"ಗೊಂಬೆ ಬಾಯಲ್ಲಿ ನಾಲ್ಕು ಬೈಗುಳ ಹಾಕಿಸಿ, ಒಂದು ಹೂಸು ಬಿಡಿಸಿದ್ರೆ ಆಯ್ತು, ಜನ ನಗ್ತಾರೆ." ದೊಡ್ಡವರಿಗೆಂದೇ ಮಾಡುವ ಗೊಂಬೆ ಕಾಮಿಡಿ ಬಗ್ಗೆ ಹೀಗೆ ಹೇಳುವವರು ಬಹಳ ಮಂದಿ. ಹಾಗೆ ಮಾಡಿದ ಕಾರ್ಯಕ್ರಮ ಎರಡನೇ ಕಂತಿಗೇ ಸಪ್ಪೆ ಹೊಡೆಯುತ್ತದೆ. ಮನುಷ್ಯ ನಟ ಪೋಲಿ ಮಾತಾಡಿದರೆ ತುಂಟತನವೋ ಅಳುಕೋ ಅವನ ಮುಖದಲ್ಲಿ ತಾನಾಗಿ ಬಂದುಬಿಡುತ್ತದೆ. ಗೊಂಬೆಗೆ ಅದ್ಯಾವುದೂ ಪುಕ್ಕಟೆ ಸಿಗುವುದಿಲ್ಲ. ಕಣ್ಣು ಹೊರಳಿಸುವುದಕ್ಕೂ ಕೆಳಗೆ ಒಬ್ಬರು ಕೂತು ತಂತಿ ಎಳೆಯಬೇಕು. ಹಾಗಾಗಿ ಜೋಕು ಎಷ್ಟು ಹೊಲಸಾಗಿದೆಯೋ ಕೆಲಸ ಅಷ್ಟು ನಾಜೂಕಾಗಿರಲೇಬೇಕು ಅಂತ ನಾನು ಹಟ ಹಿಡಿದು ವಾದಿಸುತ್ತೇನೆ.

ಇದಕ್ಕೆ ನನಗೆ ಗೊತ್ತಿರುವ ಅತಿ ದೊಡ್ಡ ಸಾಕ್ಷಿ ರಾಜಕಾರಣಿಗಳನ್ನು ಗೇಲಿ ಮಾಡುತ್ತಿದ್ದ ಬ್ರಿಟನ್ನಿನ ಟಿವಿ ಗೊಂಬೆ ಕಾರ್ಯಕ್ರಮ 'ಸ್ಪಿಟ್ಟಿಂಗ್ ಇಮೇಜ್'. 1984ರ ಫೆಬ್ರವರಿ 26ರ ಭಾನುವಾರ ರಾತ್ರಿ ಐಟಿವಿ ಚಾನೆಲ್ಲಿನಲ್ಲಿ ಶುರುವಾಗಿ 1996ರವರೆಗೆ ನಡೆಯಿತು. ಗೊಂಬೆಗಳ ಹಿಂದೆ ಇದ್ದವರು ಪೀಟರ್ ಫ್ಲಕ್ ಮತ್ತು ರೋಜರ್ ಲಾ. ಇಬ್ಬರೂ ಕೇಂಬ್ರಿಡ್ಜ್‌ನ ಕಲಾಶಾಲೆಯಲ್ಲಿ ಕಲಿತವರು, ಪತ್ರಿಕೆಗಳಿಗೆ ಮಣ್ಣಿನಲ್ಲಿ ವ್ಯಂಗ್ಯಮುಖಗಳನ್ನು ಮಾಡಿ ಫೋಟೋ ತೆಗೆಸಿ ಕೊಡುತ್ತಿದ್ದವರು. ನಿರ್ಮಾಪಕ ಜಾನ್ ಲಾಯ್ಡ್. ಕಾರ್ಯಕ್ರಮದ ಹೆಸರಿಗೆ ನಮ್ಮಲ್ಲಿ "ಅಪ್ಪನ ಅಚ್ಚೇ ಇಳಿಸಿದ ಹಾಗಿದ್ದಾನೆ" ಅಂತೀವಲ್ಲ, ಹೆಚ್ಚುಕಡಿಮೆ ಅದೇ ಅರ್ಥ. ಒಳಗೆ ಉಗುಳು ಅನ್ನುವ ಪದವೂ ಸೇರಿಕೊಂಡಿದೆ, ಕಾರ್ಯಕ್ರಮ ಅದನ್ನೂ ಬಿಡಲಿಲ್ಲ. ಲೇಬರ್ ಪಕ್ಷದ ರಾಯ್ ಹ್ಯಾಟರ್‌ಸ್ಲಿಯ ಗೊಂಬೆ ಬಾಯಿ ತೆರೆದರೆ ಸಾಕು, ಎದುರಿಗಿದ್ದವರ ಮೇಲೆಲ್ಲ ಎಂಜಲು ಸಿಡಿಯುತ್ತಿತ್ತು.

ಹೇಳುವುದಕ್ಕೆ ಇದು ತೀರಾ ಕೀಳು ಜೋಕು. ಆದರೆ ಉಗುಳುವ ಗೊಂಬೆ ಮಾಡಲು ಏನೇನು ಬೇಕು ನೋಡಿ.

ಮೊದಲು ಮುಖ. ಜೇಡಿಮಣ್ಣಿನಲ್ಲಿ ತಲೆ ತಿದ್ದುತ್ತಾರೆ. ಎಲ್ಲವನ್ನೂ ದೊಡ್ಡದು ಮಾಡುವುದು ಹೊಸಬರ ತಪ್ಪು. ಮೂಗು, ಕಿವಿ, ಗಲ್ಲ ಮೂರನ್ನೂ ಹಿಗ್ಗಿಸಿದರೆ ಅದು ಯಾರದ್ದೋ ರಾಕ್ಷಸ ಮುಖವಾಗುತ್ತದೆ, ಯಾರೆಂದು ಗುರುತೇ ಸಿಗುವುದಿಲ್ಲ. ಒಂದನ್ನು ಹಿಗ್ಗಿಸಿ, ಅದರ ಪಕ್ಕದ್ದನ್ನು ಕುಗ್ಗಿಸಬೇಕು. ಮಣ್ಣಿನ ಮುಖದ ಬಾಯಿ ಅರೆ ತೆರೆದಿರಬೇಕು ಅನ್ನುವುದು ಇನ್ನೊಂದು ಸೂಕ್ಷ್ಮ. ಮುಚ್ಚಿದ ಬಾಯಿಯಲ್ಲೇ ಅಚ್ಚು ತೆಗೆದರೆ, ಆಮೇಲೆ ತೆರೆದಾಗ ಕೆನ್ನೆ ಜಗ್ಗಿ ಇಡೀ ಹೋಲಿಕೆ ಹಾಳಾಗುತ್ತದೆ.

ಮಣ್ಣಿನ ಮುಖದ ಮೇಲೆ ಗಟ್ಟಿ ಜಿಪ್ಸಮ್ ಎರೆದು ಹೊರ ಅಚ್ಚು, ಕೈ ಹೋಗುವ ಜಾಗಕ್ಕೆ ಒಳ ತಿರುಳು. ಎರಡರ ನಡುವಿನ ಸಂದು ಎಷ್ಟಿರುತ್ತದೋ ಚರ್ಮದ ದಪ್ಪ ಅಷ್ಟು. ಕೆನ್ನೆಯ ಹತ್ತಿರ ಒಂದು ಬೆರಳ ದಪ್ಪ ಇದ್ದರೂ ನಡೆಯುತ್ತದೆ. ಬಾಯಿಯ ಮೂಲೆಗಳಲ್ಲಿ ಅದರ ಅರ್ಧಕ್ಕಿಂತ ಕಡಿಮೆ ಇರಬೇಕು, ಇಲ್ಲದಿದ್ದರೆ ಪ್ರತಿ ಮಾತಿಗೂ ಆಡಿಸುವವರ ಹೆಬ್ಬೆರಳು ರಬ್ಬರಿನ ಜೊತೆ ಗುದ್ದಾಡಬೇಕಾಗುತ್ತದೆ.

ಆ ಸಂದಿಗೆ ಹೋಗುವುದು ಫೋಮ್ ಲೇಟೆಕ್ಸ್, ಅಂದರೆ ನೊರೆಯಾಗಿ ಉಬ್ಬಿಸಿದ ರಬ್ಬರ್ ಹಾಲು. ಸುಳ್ಯ, ಪುತ್ತೂರು ಕಡೆಯವರಿಗೆ ರಬ್ಬರ್ ಹಾಲು ಗೊತ್ತು: ಅಮೋನಿಯಾ ಹಾಕಿದರೆ ಹಾಲು ಹಾಲಾಗಿಯೇ ಇರುತ್ತದೆ, ಆ್ಯಸಿಡ್ ಹಾಕಿದರೆ ಹೆಪ್ಪುಗಟ್ಟಿ ಶೀಟ್ ಆಗುತ್ತದೆ. ಗೊಂಬೆಯ ಮುಖದ ಹಿಂದೆ ಇರುವುದೂ ಇದೇ ವಿದ್ಯೆ. ಸಾಮಾನ್ಯ ಲೆಕ್ಕ ಹೀಗೆ: ಲೇಟೆಕ್ಸ್ 150 ಗ್ರಾಂ, ನೊರೆ ಬರಿಸುವ ಸೋಪಿನ ದ್ರವ 30 ಗ್ರಾಂ, ಬೇಯಿಸಿದಾಗ ರಬ್ಬರನ್ನು ಹದಕ್ಕೆ ತರುವ ಗಂಧಕದ ಕ್ಯೂರಿಂಗ್ ದ್ರವ 15 ಗ್ರಾಂ. ಇಷ್ಟನ್ನು ಕೇಕ್ ಮಿಕ್ಸರಿನಲ್ಲಿ ಜೋರಾಗಿ ಕಡೆದು ಮೊಸರಿನ ಮೇಲಿನ ನೊರೆಯ ಹಾಗೆ ಉಬ್ಬಿಸುತ್ತಾರೆ. ಆಮೇಲೆ ವೇಗ ಇಳಿಸಿ ನಾಲ್ಕೈದು ನಿಮಿಷ ನಿಧಾನಕ್ಕೆ ತಿರುಗಿಸುತ್ತಾರೆ. ದೊಡ್ಡ ಗುಳ್ಳೆಗಳು ಒಡೆದು ನೊರೆ ನುಣ್ಣಗಾಗುವುದೂ ಅಮೋನಿಯಾ ಹಾರಿಹೋಗುವುದೂ ಈ ಹೊತ್ತಿನಲ್ಲೇ. ಕೊನೆಗೆ ಹೆಪ್ಪುಗಟ್ಟಿಸುವ ದ್ರವ ಸುಮಾರು 14 ಗ್ರಾಂ, ಅದೂ ಒಂದೇ ಸಲ ಸುರಿಯದೆ ಸಣ್ಣ ಧಾರೆಯಾಗಿ.

ಕೆಲಸ ಕೆಡುವುದು ಇಲ್ಲೇ. ಕೋಣೆ ಬಿಸಿಯಾಗಿದ್ದರೆ, ಅಥವಾ ಅಮೋನಿಯಾ ಜಾಸ್ತಿ ಹೋಗಿಬಿಟ್ಟಿದ್ದರೆ, ಪಾತ್ರೆಯಲ್ಲೇ ಹೆಪ್ಪಾಗುತ್ತದೆ. ಅಮೋನಿಯಾ ಉಳಿದಿದ್ದರೆ ಹೆಪ್ಪಾಗುವುದು ತಡವಾಗಿ, ಅಷ್ಟರಲ್ಲಿ ನೊರೆ ಕುಸಿದು ಅಡಿಯಲ್ಲಿ ಗಟ್ಟಿ ರಬ್ಬರ್, ಮೇಲೆ ಟೊಳ್ಳು. ಅದಕ್ಕೇ ಅನುಭವಸ್ಥರು ಆ ದಿನದ ಕೋಣೆಯ ಬಿಸಿ ಮತ್ತು ತೇವ ಬರೆದಿಟ್ಟುಕೊಂಡು ಗ್ರಾಂ ಲೆಕ್ಕ ಬದಲಿಸುತ್ತಾರೆ. ಸುರಿಯುವಾಗ ಮೂಗಿನ ತುದಿಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ವ್ಯಂಗ್ಯಮುಖದ ಮೂಗು ಉದ್ದ ಬೇರೆ, ಆದ್ದರಿಂದ ಮೊದಲು ಬ್ರಶ್ಶಿನಲ್ಲಿ ಮೂಗಿನ ಗುಳಿಗೆ ನೊರೆ ಹಚ್ಚಿ ಆಮೇಲೆ ಉಳಿದದ್ದನ್ನು ತುಂಬುವುದು ಕ್ಷೇಮ. ನಂತರ ಓವನ್‌ನಲ್ಲಿ 85 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಮೂರು ಗಂಟೆ, ದೊಡ್ಡ ತಲೆಗೆ ಇನ್ನೂ ಹೆಚ್ಚು. ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ಉಳಿದರೆ ಬೆಂದಿಲ್ಲ, ಪುಟಿದು ಬಂದರೆ ಬೆಂದಿದೆ. ಅವಸರಕ್ಕೆ ಉರಿ ಏರಿಸಿದರೆ ರಬ್ಬರ್ ಬಿರುಸಾಗಿ ಬಾಯಿಯ ಅಂಚಿನಲ್ಲೇ ಹರಿಯುತ್ತದೆ, ಅಚ್ಚೂ ಬಿರುಕು ಬಿಡುತ್ತದೆ.

ಬಣ್ಣ ಬಳಿಯುವಾಗಲೂ ಮಾಮೂಲಿ ಪೇಂಟ್ ನಡೆಯುವುದಿಲ್ಲ. ಗೊಂಬೆ ಎರಡು ಸಲ ಬಾಯಿ ತೆರೆಯುವಷ್ಟರಲ್ಲಿ ಚಕ್ಕೆ ಏಳುತ್ತದೆ. ರಬ್ಬರ್ ಸೊಲ್ಯೂಶನ್‌ನಲ್ಲಿ ಬಣ್ಣ ಕಲಸಿ, ತೆಳ್ಳಗೆ ಮಾಡಿ, ಪದರ ಪದರವಾಗಿ ಹಚ್ಚಬೇಕು. ಆಗ ಬಣ್ಣವೂ ಚರ್ಮದ ಜೊತೆಗೇ ಹಿಗ್ಗುತ್ತದೆ.

ಈಗ ಉಗುಳು, ವಾಂತಿಯ ವಿಷಯಕ್ಕೆ ಬರೋಣ. ತಲೆಯ ಒಳಗಿಂದ ಬಾಯಿಯ ಮೂಲೆಗೆ ಒಂದು ಪ್ಲಾಸ್ಟಿಕ್ ಪೈಪು, ಕೆಳಗೆ ಎರಡನೇ ಆಟಗಾರರ ಕೈಯಲ್ಲಿ ಸಿರಿಂಜ್. ಉಗುಳಿಗೆ ಸೂಜಿಯಷ್ಟು ಸಣ್ಣ ತೂತು ಸಾಕು, ನೀರು ತುಂತುರಾಗಿ ಬರುತ್ತದೆ. ವಾಂತಿಗೆ ಕನಿಷ್ಠ 10 ಮಿಲಿಮೀಟರ್ ಒಳಗಲದ ಪೈಪು ಬೇಕು. ತರಕಾರಿ ಚೂರು ಹಾಕುವುದಾದರೆ ಪೈಪಿನ ಅರ್ಧದಷ್ಟೂ ದೊಡ್ಡದಿರಬಾರದು, ಒಂದು ಚೂರು ಅಡ್ಡ ಸಿಕ್ಕಿದರೆ ಒತ್ತಡಕ್ಕೆ ಪೈಪು ಕಳಚಿ ಗೊಂಬೆಯ ತಲೆಯೊಳಗೇ ಎಲ್ಲ ಸುರಿಯುತ್ತದೆ. ಫೋಮ್ ಸ್ಪಂಜಿನ ಹಾಗೆ ಅದನ್ನು ಹೀರಿಕೊಂಡು ತಲೆಯ ತೂಕ ಏರುತ್ತದೆ, ಒಣಗಲು ಎರಡು ಮೂರು ದಿನ ಹಿಡಿಯುತ್ತದೆ. ಹಾಗಾಗಿ ಬಾಯಿಯ ಒಳಭಾಗಕ್ಕೆ ನೊರೆ ಇಲ್ಲದ ಬರೀ ಲೇಟೆಕ್ಸನ್ನು ಮೂರು ನಾಲ್ಕು ಕೋಟು ಹೊಡೆದು ಮುಚ್ಚಿರಬೇಕು. ಗಂಜಿಯಂಥ ಮಂದ ಬೇಕಾದರೆ ಜೋಳದ ಹಿಟ್ಟನ್ನು ಕಾಯಿಸಿ ತಣಿಸಿಕೊಳ್ಳಬಹುದು. ಎಣ್ಣೆ, ಬೆಣ್ಣೆ, ಕೆನೆ ಮಾತ್ರ ಹತ್ತಿರ ಸುಳಿಯಬಾರದು. ಎಣ್ಣೆ ಕುಡಿದ ರಬ್ಬರ್ ಉಬ್ಬಿ, ತುಟಿ ಜೋತುಬಿದ್ದು, ಮತ್ತೆ ಸರಿಹೋಗುವುದೇ ಇಲ್ಲ. ಇಷ್ಟೆಲ್ಲ ಮಾಡಿಯೂ ಆ ದೃಶ್ಯವನ್ನು ದಿನದ ಕೊನೆಗೇ ಇಟ್ಟುಕೊಳ್ಳಬೇಕು, ಯಾಕೆಂದರೆ ಆ ದ್ರವದ ಕೆಂಪು ಬಣ್ಣ ಒಮ್ಮೆ ಲೇಟೆಕ್ಸಿಗೆ ಹತ್ತಿದರೆ ತೊಳೆದರೂ ಹೋಗುವುದಿಲ್ಲ.

ಮೂರು ಸೆಕೆಂಡಿನ ಉಗುಳಿಗೆ ಇಷ್ಟು ತಯಾರಿ. ಇದನ್ನು ಕೀಳು ಕೆಲಸ ಅಂತ ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಆಡಿಸುವವರ ವಿದ್ಯೆಯೇ ಬೇರೆ. ಇಂಥ ದೊಡ್ಡ ಗೊಂಬೆಗೆ ಸಾಮಾನ್ಯವಾಗಿ ಇಬ್ಬರು: ಮುಖ್ಯ ಆಟಗಾರರ ಬಲಗೈ ತಲೆಯೊಳಗೆ, ಎಡಗೈ ಲೇಟೆಕ್ಸ್ ಗವಸು ತೊಟ್ಟು ಗೊಂಬೆಯ ಎಡಗೈಯಾಗುತ್ತದೆ. ಇನ್ನೊಬ್ಬರು ಬಲಗೈ ಕೊಡುತ್ತಾರೆ, ಕಣ್ಣಿನ ತಂತಿ ನೋಡಿಕೊಳ್ಳುತ್ತಾರೆ. ತಲೆಯ ಮೇಲೆ ಕೈ ಎತ್ತಿಕೊಂಡು, ನೆಲದ ಹತ್ತಿರ ಇಟ್ಟ ಮಾನಿಟರ್ ನೋಡುತ್ತಾ ಆಡಿಸಬೇಕು. ಮಾನಿಟರ್ ಕನ್ನಡಿಯ ಹಾಗಲ್ಲ, ಕ್ಯಾಮೆರಾ ಕಂಡದ್ದನ್ನೇ ತೋರಿಸುತ್ತದೆ. ಎಡಕ್ಕೆ ಕೈ ಸರಿಸಿದರೆ ಗೊಂಬೆ ಪರದೆಯ ಮೇಲೆ ಬಲಕ್ಕೆ ಹೋಗುತ್ತದೆ, ಅದು ಮೈಗೂಡಲು ತಿಂಗಳುಗಳೇ ಬೇಕು. ಮಾತಿನಲ್ಲಿ ಕೆಳದವಡೆ, ಅಂದರೆ ಹೆಬ್ಬೆರಳು, ಇಳಿಯಬೇಕು. ನಾಲ್ಕು ಬೆರಳು ಮೇಲೆದ್ದರೆ ತಲೆಬುರುಡೆಯೇ ಹಾರಿದ ಹಾಗೆ ಕಾಣುತ್ತದೆ. ಪ್ರತಿ ಅಕ್ಷರಕ್ಕೂ ಬಾಯಿ ಪೂರ್ತಿ ಬಿಡುವುದೂ ತಪ್ಪು, ಅದು ಮಾತಾಗದೆ ಬಡಬಡಿಕೆಯಾಗುತ್ತದೆ. ದೃಶ್ಯ ಉದ್ದವಾದಾಗ ಕೈ ಸೋತು ಗೊಂಬೆ ಮೆಲ್ಲಗೆ ಫ್ರೇಮಿನಿಂದ ಕೆಳಗೆ ಕುಸಿಯುವುದು ಎಲ್ಲಕ್ಕಿಂತ ಸಾಮಾನ್ಯ ದೋಷ. ಕುಸಿಯುತ್ತಿರುವ ಗೊಂಬೆ ಎಂಥ ಜೋಕು ಹೇಳಿದರೂ ಆ ಜೋಕು ನೆಲ ಕಚ್ಚುತ್ತದೆ.

ಹೂಸಿನ ಜೋಕನ್ನೇ ತೆಗೆದುಕೊಳ್ಳಿ. ಮೊದಲು ಕಣ್ಣು ಪಕ್ಕಕ್ಕೆ ಸರಿಯಬೇಕು. ತಲೆ ನಿಲ್ಲಬೇಕು. ಆಮೇಲೆ ಕೆಳಗಿನಿಂದ ಎರಡನೆಯವರು ಒಂದು ಕಡೆಯ ಸೊಂಟವನ್ನು ಎರಡು ಬೆರಳಷ್ಟು ಎತ್ತಬೇಕು. ಅದರ ನಂತರ ಸದ್ದು. ಸದ್ದು ಮುಗಿದ ಮೇಲೆ ಎರಡು ಎಣಿಸುವವರೆಗೆ ಯಾರೂ ಅಲ್ಲಾಡಬಾರದು, ಪಕ್ಕದ ಗೊಂಬೆಯೂ ಸೇರಿ. ಸದ್ದು ಮತ್ತು ಸೊಂಟ ಒಟ್ಟಿಗೇ ಬಂದರೆ ಬರೀ ಸದ್ದಾಗಿ ಮುಗಿಯುತ್ತದೆ. ಜನ ನಗುವುದು ಹೂಸಿಗಲ್ಲ, ಅದಕ್ಕೂ ಮೊದಲು ಆ ಗೊಂಬೆ ಒಂದು ತೀರ್ಮಾನಕ್ಕೆ ಬಂತಲ್ಲ, ಅದಕ್ಕೆ.

'ಸ್ಪಿಟ್ಟಿಂಗ್ ಇಮೇಜ್'ನ ಎಲ್ಲರೂ ನೆನೆಯುವ ಹೋಟೆಲ್ ದೃಶ್ಯದಲ್ಲೂ ಇದೇ ಇದೆ. ಗಂಡಸರ ಸೂಟು ತೊಟ್ಟ, ಅಂದಿನ ಪ್ರಧಾನಿ ಮಾರ್ಗರೇಟ್ ಥ್ಯಾಚರ್ ಗೊಂಬೆ ಮಂತ್ರಿಮಂಡಲದ ಜೊತೆ ಊಟಕ್ಕೆ ಕೂತಿದೆ, ದನಿ ಸ್ಟೀವ್ ನ್ಯಾಲನ್ ಅವರದು. ಆಕೆ ತನಗೆ ಹಸಿ ಮಾಂಸ ಹೇಳುತ್ತಾಳೆ. ತರಕಾರಿಗಳ ಕಥೆ ಏನು ಎಂದು ಬಡಿಸುವವಳು ಕೇಳಿದರೆ, ಅವರೂ ನಾನು ತಿನ್ನುವುದನ್ನೇ ತಿನ್ನುತ್ತಾರೆ ಅನ್ನುತ್ತಾಳೆ. ಇಂಗ್ಲಿಷಿನಲ್ಲಿ ತರಕಾರಿ ಅಂದರೆ ಜಡವಾಗಿ ಕೂತವರು ಅಂತಲೂ ಅರ್ಥ. ಬೈಗುಳವಿಲ್ಲ, ಕೊಳಕಿಲ್ಲ. ಸುತ್ತ ಕೂತ ರಬ್ಬರ್ ಮಂತ್ರಿಗಳು ತರಕಾರಿಗಳಂತೆ ಕೂತಿದ್ದರೆ ಸಾಕು. ಥ್ಯಾಚರ್ ನಂತರ ಜಾನ್ ಮೇಜರ್ ಪ್ರಧಾನಿಯಾಗಿ ಬಂದಾಗ ಅವರ ಗೊಂಬೆಗೆ ಮೈಯೆಲ್ಲ ಬೂದು ಬಣ್ಣ ಕೊಟ್ಟು, ಹೆಂಡತಿಯೆದುರು ತಟ್ಟೆಯಲ್ಲಿನ ಬಟಾಣಿ ಬಗ್ಗೆ ಮಾತಾಡಿಸಿದರು. ಗವಸು ತೊಟ್ಟ ಕೈಯಲ್ಲಿ ಫೋರ್ಕ್ ಹಿಡಿದು ಬಟಾಣಿ ಸರಿಸುವುದು ವಾಂತಿ ಮಾಡಿಸುವುದಕ್ಕಿಂತ ಕಷ್ಟ, ಬೆರಳಿಗೆ ಸ್ಪರ್ಶವೇ ತಿಳಿಯುವುದಿಲ್ಲ. ಇನ್ನು ಲಿಬರಲ್ ಪಕ್ಷದ ನಾಯಕ ಡೇವಿಡ್ ಸ್ಟೀಲ್ ಅವರನ್ನು ಮಿತ್ರಪಕ್ಷದ ನಾಯಕ ಡೇವಿಡ್ ಓವೆನ್ ಜೇಬಿನಲ್ಲಿ ಕೂರುವಷ್ಟು ಪುಟ್ಟದು ಮಾಡಿದ್ದರು. ಅದು ತಮ್ಮ ವರ್ಚಸ್ಸಿಗೆ ಪೆಟ್ಟು ಕೊಟ್ಟಿತು ಎಂದು ಸ್ಟೀಲ್ ಅವರೇ ಆಮೇಲೆ ಹೇಳಿದ್ದಾರೆ. ಒಬ್ಬ ರಾಜಕಾರಣಿಯನ್ನು ಅಳತೆಯಿಂದಲೇ ಹೊಡೆದದ್ದು ಅದು.

ಫ್ರಾನ್ಸಿನ 'ಲೆ ಗಿನ್ಯೋಲ್' 1988ರಿಂದ 2018ರವರೆಗೆ ಇದೇ ಜಾಡಿನಲ್ಲಿ ನಡೆಯಿತು. ರಷ್ಯಾದ 'ಕೂಕ್ಲಿ' 1994ರಿಂದ 2002ರವರೆಗೆ ಇತ್ತು, 1995ರಲ್ಲಿ ಅದರ ಮೇಲೆ ಕ್ರಿಮಿನಲ್ ಕೇಸೇ ಹಾಕಿ ಆಮೇಲೆ ಕೈಬಿಟ್ಟರು. ಹಿಂದಿಯಲ್ಲಿ ಎನ್‌ಡಿಟಿವಿಯ 'ಗುಸ್ತಾಖಿ ಮಾಫ್' ಇತ್ತು.

ನಮಗೆ ಇದೇನೂ ಪರದೇಶದ ಸರಕಲ್ಲ. ತೊಗಲು ಗೊಂಬೆಯಾಟದ ಕಿಳ್ಳೇಕ್ಯಾತನನ್ನು ನೆನೆಯಿರಿ: ಕಪ್ಪು ಮೈ, ಹೊಟ್ಟೆ ಮುಂದೆ, ಬಾಯಿಗೆ ಬಂದದ್ದು ಮಾತು, ಜೊತೆಗೆ ಹೆಂಡತಿ ಬಂಗಾರಕ್ಕ. ರಾಮಾಯಣ ನಡೆಯುವ ಅದೇ ಪರದೆಯ ಮೇಲೆ ಇಬ್ಬರೂ ಹಾಸಿಗೆ ಹೊಟ್ಟೆಗಳ ಮಾತಾಡುತ್ತಾರೆ. ಕೆಲಸ ನೋಡಿ. ದೇವರ, ರಾಜರ ಗೊಂಬೆಗಳಲ್ಲಿ ಎಷ್ಟೋ ಒಂದೇ ತೊಗಲಿನ ಹಾಳೆ, ಅಲುಗಾಡುವುದೇ ಇಲ್ಲ. ಕೀಲು ಇರುವುದು ಕಿಳ್ಳೇಕ್ಯಾತನ ಕೈಕಾಲಿಗೆ. ಪೋಲಿ ಮಾತಿನವನಿಗೇ ಹೆಚ್ಚು ಚಲನೆ ಬೇಕು ಅಂತ ಆ ಕಲಾವಿದರು ಟಿವಿ ಹುಟ್ಟುವ ಮೊದಲೇ ಕಂಡುಕೊಂಡಿದ್ದರು. ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ರಾಮಾಯಣ ಮಹಾಭಾರತವನ್ನೇ ಹೊಗಳಿದೆವು. ಆ ಪರಂಪರೆಯ ಹಾಸ್ಯವನ್ನೂ ಯಾರಾದರೂ ಕತ್ತರಿ ಹಾಕದೆ ರೆಕಾರ್ಡ್ ಮಾಡಿಡಬೇಕು ಅನ್ನುವುದು ನನ್ನ ಬೇಡಿಕೆ. ತೊಗಲಾದರೆ ಹದವಾಗಿಟ್ಟುಕೊಂಡರೆ ತಲೆಮಾರು ಬಾಳುತ್ತದೆ, ಮಾತು ಹಾಗಲ್ಲ.

ಲೇಟೆಕ್ಸಿಗೆ ತೊಗಲಿನಷ್ಟು ಆಯಸ್ಸಿಲ್ಲ. ಬೆಳಕು, ಗಾಳಿ ತಾಗಿ ಹಳದಿಯಾಗುತ್ತದೆ, ಮೇಲ್ಪದರ ಗಟ್ಟಿಯಾಗಿ ಬಿರಿಯುತ್ತದೆ, ಒಳಗಿನ ಫೋಮ್ ರಸ್ಕಿನ ಪುಡಿಯ ಹಾಗೆ ಉದುರುತ್ತದೆ. ತಾಮ್ರದ ತಂತಿ ತಾಗಿಕೊಂಡಿದ್ದರೆ ಇನ್ನೂ ಬೇಗ. ರೋಜರ್ ಲಾ ಅವರ ಸಂಗ್ರಹ ಈಗ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಗ್ರಂಥಾಲಯ ಸೇರಿದೆ, ಥ್ಯಾಚರ್ ಗೊಂಬೆಯೂ ಅದರೊಳಗಿದೆ. ಇಂಥದ್ದನ್ನು ಕತ್ತಲಲ್ಲಿ, ತಂಪಾದ ಕಡೆ, ಮುಖದೊಳಗೆ ಆಸರೆ ತುಂಬಿ ಇಡಬೇಕು. ಬರಿದೇ ಮಲಗಿಸಿದರೆ ಅದರ ಭಾರಕ್ಕೆ ಅದೇ ಚಪ್ಪಟೆಯಾಗಿ, ಅಷ್ಟು ಕಷ್ಟಪಟ್ಟು ತಿದ್ದಿದ ಮೂಗು ಒಂದು ಪಕ್ಕಕ್ಕೆ ಮಡಚಿಕೊಂಡು ಹಾಗೇ ಗಟ್ಟಿಯಾಗುತ್ತದೆ.